ಬೆರಳಿನ ಗುರುತು ಸಿಗದ ಬೀಗ

೧೪ ನವೆಂಬರ್, ಶುಕ್ರವಾರ

ಈ ಬೀಗ ಇಟ್ಟುಕೊಳ್ಳಲೋ, ತಮ್ಮನಿಗೆ ವಾಪಸ್ ಕೊಡಲೋ?

ಹಳೆಯ ಸೈಕಲನ್ನು ಯಾರ ಕಣ್ಣಿಗೂ ಬೀಳದಿರಲೆಂದು ಗೋಡೆಯ ಹಿಂದೆ ನಿಲ್ಲಿಸುತ್ತಿದ್ದೆ. ಅಲ್ಲಿಂದಲೇ ಕಳುವಾಯಿತು. ಮೂರು ತಿಂಗಳು ಬೈತಖೋಲ ಮೀನು ಬಂದರಿಗೆ ಕೆಲಸಕ್ಕೆ ನಡೆದೇ ಹೋದೆ. ಹೊಸ ಸೈಕಲ್ ಕೊಂಡಾಗ ತಮ್ಮ ಉದಯ ಬೆರಳಿಟ್ಟರೆ ತೆರೆಯುವ ಸ್ಮಾರ್ಟ್ ಲಾಕ್ ತರಿಸಿಕೊಟ್ಟ. "ಅಕ್ಕಾ, ನಿನ್ನ ಬೆರಳು ಬಿಟ್ರೆ ದೇವ್ರು ಬಂದ್ರೂ ತೆಗೀಲಿಕ್ಕೆ ಆಗೂದಿಲ್ಲ" ಅಂದಿದ್ದ.

ಇವತ್ತು ನನಗೂ ಆಗಲಿಲ್ಲ. ಬೆಳಗಿನಿಂದ ಐಸ್ ನೀರಿನಲ್ಲಿ ಸಿಗಡಿ ಆರಿಸಿ ಬೆರಳೆಲ್ಲ ಸುಕ್ಕುಗಟ್ಟಿದ್ದವು. ಎಷ್ಟು ಒರೆಸಿ ಇಟ್ಟರೂ ಕೆಂಪು ದೀಪವೇ. ಮೀನು ಮಾರುವ ಗಂಗಕ್ಕ ಬಿದ್ದು ಬಿದ್ದು ನಕ್ಕಳು. "ನಿನ್ ಬೀಗಕ್ಕೆ ನಿನ್ ಗುರ್ತೇ ಇಲ್ವಲ್ಲೇ ಕವಿತಾ!"

ಕೊನೆಗೆ ಗಾಲಿಗೆ ಬೀಗ ಬಿದ್ದಿದ್ದ ಸೈಕಲನ್ನು ಹಾಗೇ ಇಬ್ಬರೂ ಎತ್ತಿಕೊಂಡು ಹೊರಟೆವು. ಬಿಸಿಲಿಗೆಂದು ಇಬ್ಬರೂ ಮುಖಕ್ಕೆ ಟವೆಲ್ ಸುತ್ತಿದ್ದೆವು. ಹತ್ತು ಹೆಜ್ಜೆ ಹೋಗಿರಲಿಲ್ಲ, ಬೋಟಿನ ಮೇಲೆ ಬಲೆ ಹೊಲಿಯುತ್ತಿದ್ದ ನಾಗಣ್ಣ ಕೂಗಿದ: "ಹೋಯ್! ಅದು ಕವಿತನ ಸೈಕಲ್! ಕೆಳಗಿಡ್ರೇ!" ಐಸ್ ಹೊರುವವರು, ಹರಾಜು ಕೂಗುವವನು, ಎಲ್ಲರೂ ಓಡಿಬಂದು ನಮ್ಮನ್ನು ಸುತ್ತುವರಿದರು. ನಾನು ಟವೆಲ್ ತೆಗೆದೆ. ನಾಗಣ್ಣ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು.

ಮನೆಗೆ ಬಂದು, ಕೈ ಒಣಗಿದ ಮೇಲೆ ಬೆರಳಿಟ್ಟರೆ ಟಕ್ಕನೆ ತೆರೆಯಿತು, ಕಳ್ಳ ಬೀಗ!

ನಾಳೆಯಿಂದ ಮನೆಯಲ್ಲಿರುವ ಹಳೆಯ ಸರಪಳಿ ಬೀಗವೇ ಸಾಕು, ಸೈಕಲ್ ನಿಲ್ಲಿಸುವುದು ಗಂಗಕ್ಕನ ಬುಟ್ಟಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಉದಯನಿಗೆ ಏನು ಹೇಳಲಿ? ನಿದ್ದೆ ಎಳೆಯುತ್ತಿದೆ, ನಗು ಬಿಡುತ್ತಿಲ್ಲ. ನನ್ನ ಸೈಕಲನ್ನು ನನಗೇ ಕದಿಯಲು ಬಿಡದ ಜನ...