ಸೆಹರಿ ಇಲ್ಲದ ಉಪವಾಸ

ಅಬ್ಬಾ,

ಎದ್ದ ಕೂಡಲೇ ನೀವು ರೊಟ್ಟಿ ಬುಟ್ಟಿಗೇ ಕೈ ಹಾಕ್ತೀರಿ, ಅದಕ್ಕೇ ಚೀಟಿ ಅದರ ಮ್ಯಾಲೇ ಇಟ್ಟೇನಿ. ಮುಚ್ಚಳ ತೆಗೀಬ್ಯಾಡ್ರಿ.

ಹೋದ ಸಲ ಡಾಕ್ಟರ್ ಉಪವಾಸ ಬರ್ರಿ ಅಂದ್ರ, ರೋಜಾ ಇದ್ದಂಗ ನಸುಕಿನಾಗ ಎದ್ದು ಹೊಟ್ಟಿ ತುಂಬ ಸೆಹರಿ ಮಾಡಿ ಹೋದ್ರಿ! ಪರೀಕ್ಷಾನೇ ಆಗ್ಲಿಲ್ಲ. ಈ ಸಲ ಸೆಹರಿ ಇಲ್ಲ.

ದವಾಖಾನ್ಯಾಗ ಪಾಳಿ ಹಚ್ಚಾಕ ನಾನು ಮೊದಲ ಬಸ್ಸಿಗೆ ಕಲಬುರ್ಗಿಗೆ ಹೊಂಟೇನಿ. ನೀವು ಮಾಮೂನ ಗಾಡಿಯಾಗ ಬರ್ರಿ.

ಮ್ಯಾಲಿಂದ, ಕೆಳಗಿಂದ ನಳಿಗಿ ಬಿಟ್ಟು ನೋಡಿದ್ರೂ ರಕ್ತ ಎಲ್ಲಿ ಸೋರಾಕತ್ತದ ಅಂತ ಕಾಣ್ಲಿಲ್ಲ. ನಡುವಿನ ಸಣ್ಣ ಕರುಳು ಒಂದೇ ಉಳಿದದ. ಗುಳಿಗಿಯಂಥ ಈ ಕ್ಯಾಮೆರಾ ನುಂಗಿದ್ರ ಅದೂ ಕಾಣ್ತದ.

ನುಂಗಿ ನಾಲ್ಕು ತಾಸಿಗೆ ಗಂಜಿ ಕುಡೀಬಹುದಂತ. ಇಬ್ಬರಿಗೂ ಆಗುವಷ್ಟು ತುಂಬಿಕೊಂಡೇನಿ. ನಾನೂ ರಾತ್ರಿಯಿಂದ ಏನೂ ತಿಂದಿಲ್ಲ. ಕೂಡೇ ರೋಜಾ ಬಿಡೋಣ.

ಅಫ್ರೀನ