ಮಾಸಿದ ನಾಲ್ಕನೇ ಹೂಜಿ

೧೬ ಫೆಬ್ರವರಿ ೧೯೯೫, ಗುರುವಾರ. ಹಟ್ಟಿಕೇರಿ.

ಹೋದ ವಾರ ಜಪಾನಿನ ರಾಕು ಪದ್ಧತಿಯಲ್ಲಿ ಸುಟ್ಟ ಹೂಜಿಯೂ ಮಾಸಿತು. ಇದು ನಾಲ್ಕನೆಯದು. ಕೆಂಪಗೆ ಕಾದದ್ದನ್ನು ಭಟ್ಟಿಯಿಂದ ತೆಗೆದು, ಮರದ ಪುಡಿಯಲ್ಲಿ ಮುಚ್ಚಿ ಹೊಗೆ ಕುಡಿಸಿದಾಗ ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಈಗ ಬೂದಿ ಬಣ್ಣ. ಮುಂದಿನ ತಿಂಗಳು ಕಾರವಾರದ ಪ್ರದರ್ಶನಕ್ಕೆ ಏನಿಡಲಿ?

ಮೆರುಗಿಗೆ ತಾಮ್ರದ ಪುಡಿ ನೂರಕ್ಕೆ ಐದಿದ್ದದ್ದನ್ನು ಏಳು ಮಾಡಿದೆ, ಹತ್ತು ಮಾಡಿದೆ. ಮೆರುಗು ಬೇಗ ಕರಗಲೆಂದು ಹಾಕುವ ಬೊರಾಕ್ಸ್ ಇಳಿಸಿದೆ. ತೂಗುವುದು ನಾನು, ಕಲಸುವುದು ಭಟ್ಟಿಯ ಕೆಲಸಕ್ಕೆ ಬರುವ ಸುಭಾಷ. ಎರಡು ತಿಂಗಳಿಂದ ಅವನು ವಾರವಾರ ಚಿತ್ತಾಕುಲಕ್ಕೆ ಹೋಗುತ್ತಾನೆ. ಅಲ್ಲಿ ತನ್ನದೇ ಭಟ್ಟಿ ಕಟ್ಟುತ್ತಿದ್ದಾನಂತೆ. ನನ್ನ ಹೂಜಿ ಮಾಸಿದರೆ ಯಾರಿಗೆ ಲಾಭ?

ಬೆಳಿಗ್ಗೆ ಕೇಳಿಯೇಬಿಟ್ಟೆ. "ಮೆರುಗಿಗೆ ಎಂತ ಬೆರೆಸ್ತೀಯೋ ಸುಭಾಷ?"

"ಆರು ವರ್ಷ ಆಯ್ತಲ್ಲ ಅಕ್ಕ, ಜೊತೆಗೆ ಕೆಲಸ ಮಾಡೂಕೆ ಹಿಡ್ದು," ಎಂದ. ಇಕ್ಕಳವನ್ನು ಗೋಡೆಗೆ ಒರಗಿಸಿ ಹೋದ. ಸಿಟ್ಟು ಮಾಡಲಿಲ್ಲ. ಅದಕ್ಕೇ ನನಗೆ ಅನುಮಾನ ಇನ್ನೂ ಹೆಚ್ಚಾಯಿತು.

ನಾನು ಪಾಠ ಮಾಡುವ ಶಾಲೆ ಇವತ್ತು ಬೇಗ ಬಿಟ್ಟಿತು. ಮನೆಗೆ ಬಂದರೆ ಅತ್ತೆ ಬಾವಿಕಟ್ಟೆಯಲ್ಲಿ ದೇವರ ಪಾತ್ರೆ ತೊಳೆಯುತ್ತಿದ್ದರು. ತೊಡೆಯ ಮೇಲೆ ಭಾನುವಾರ ಸುಟ್ಟ ಹೊಸ ಹೂಜಿ, ಕೈಯಲ್ಲಿ ಹುಣಸೆಹುಳಿಯ ಮುದ್ದೆ.

"ಇದ್ರಲ್ಲಿ ತಾಮ್ರ ಅದೆ ಅಂತ ನೀನೇ ಹೇಳಿದ್ಯಲ್ಲನೇ? ಹುಳಿ ಹಾಕಿ ತಿಕ್ಕದೆ ತಾಮ್ರ ಹೊಳೀತದ್ಯೇ? ನಿಂಗೆ ಪುರಸೊತ್ತೆಲ್ಲಿ, ಪ್ರತಿ ಗುರುವಾರ ನಾನೇ ತಿಕ್ಕಿಡ್ತೆ."

ಹುಳಿ ತಾಗಿದಲ್ಲೆಲ್ಲ ಹೂಜಿಯ ಹೊಳಪು ಹೋಗಿ ಬೂದಿ ಬಣ್ಣ ಬಂದಿತ್ತು. ಸುಭಾಷನಿಗೆ ಹೇಳಬೇಕು. ಅವನು ಚಿತ್ತಾಕುಲದಲ್ಲಿ ಭಟ್ಟಿ ಕಟ್ಟುತ್ತಿದ್ದಾನೆಂದು ನನಗೆ ಹೇಳಿದವರು ಯಾರು ಎಂದು ಆಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಯಾರೂ ಹೇಳಿರಲಿಲ್ಲ.