ಹತ್ತಲು ಒಂದು ಕಟ್ಟೆ

ಜುಲೈ 12, 2004, ಸೋಮವಾರ

ಇವತ್ತೂ ಬಸ್ಸು ನಿಲ್ಲಿಸಲಿಲ್ಲ. ಹಿಂದೆ ಇನ್ನೊಂದು ಬರುತ್ತದೆ ಎಂಬಂತೆ ಡ್ರೈವರ್ ಕೈ ಆಡಿಸಿ ಹೋದ. ಬರುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಟಂಟಂ ಆಟೋ ಹಿಡಿದು ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಫಸ್ಟ್ ಪೀರಿಯಡ್ ಮುಗಿದಿತ್ತು. ಹಿಸ್ಟರಿ ಸರ್ ಕರೆದು ಹೇಳಿದರು. ಅಟೆಂಡೆನ್ಸ್ ಹೀಗೇ ಆದರೆ ಯೂನಿವರ್ಸಿಟಿಯಿಂದ ಹಾಲ್ ಟಿಕೆಟ್ ಬರುವುದಿಲ್ಲವಂತೆ, ಅವರ ಕೈಯಲ್ಲೇನೂ ಇಲ್ಲವಂತೆ. ಹಾಲ್ ಟಿಕೆಟ್ ಇಲ್ಲ ಎಂದರೆ ಬಿ.ಎ. ಇಲ್ಲ. ಬಿ.ಎ. ಇಲ್ಲ ಎಂದರೆ ಮುಂದೇನು ಎಂದು ಅವ್ವ ಆಗಲೇ ಯೋಚಿಸಿ ಇಟ್ಟಿದ್ದಾಳೆ. ಬಾದಾಮಿ ಕಡೆಯ ಹುಡುಗ.

ಮನೆಗೆ ಬಂದವಳಿಗೆ ಕಣ್ಣಿಗೆ ಬಿದ್ದದ್ದು ಗೋಡೆಗೆ ಆನಿಸಿಟ್ಟ ಅಪ್ಪನ ಸೈಕಲ್ಲು. ಹತ್ತಿ ಹಿಂಜುವ ಬಿಲ್ಲನ್ನು ಅದಕ್ಕೇ ಕಟ್ಟಿಕೊಂಡು ಊರೂರು ತಿರುಗಿ ಗಾದಿ ಹೊಲಿಯುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಈಗ ಮನೆಯಲ್ಲೇ ಕೂತು ಹೊಲಿಯುತ್ತಾನೆ. ಕ್ಯಾರಿಯರ್‌ನಲ್ಲಿ ಹಗ್ಗ ಇನ್ನೂ ಹಾಗೇ ಇದೆ.

ನಾಳೆಯಿಂದ ಇದನ್ನೇ ಒಯ್ಯುತ್ತೇನೆ ಎಂದೆ. ಅದು ಗಂಡಸರ ಸೈಕಲ್ಲು, ನಡುವೆ ಅಡ್ಡ ದಂಡಿ ಇದೆ ಎಂದಳು ಅವ್ವ. ಕಣ್ಣಿದೆ, ಕಾಣುತ್ತದೆ ಎಂದೆ. ಅಪ್ಪ ದಾರ ಹಲ್ಲಲ್ಲಿ ಕಡಿದು ಮತ್ತೆ ಸೂಜಿಗೆ ಪೋಣಿಸಿದ.

ಜುಲೈ 15, ಗುರುವಾರ

ಹೋದೆ, ಬಂದೆ!

ಚಿಕ್ಕವಳಿದ್ದಾಗ ದಂಡಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತದ್ದು ಮರೆತಿಲ್ಲ. ಹತ್ತುವುದೊಂದೇ ತೊಂದರೆ. ಸೀಟು ತುಕ್ಕು ಹಿಡಿದು ಕೂತುಬಿಟ್ಟಿದೆ, ತಗ್ಗುವುದಿಲ್ಲ. ನನಗೋ ದೇವರು ಕಾಲು ಕೊಡುವಾಗ ಜುಗ್ಗತನ ಮಾಡಿದ್ದಾನೆ. ಇಳಿಯಲು ಒಂದು ಕಡೆಗೆ ಜಿಗಿದರಾಯಿತು, ಹತ್ತಲು ಮಾತ್ರ ಎತ್ತರ ಬೇಕು. ಬೆಳಿಗ್ಗೆ ಮನೆ ಮುಂದಿನ ಕಟ್ಟೆ, ಸಂಜೆ ಕಾಲೇಜಿನ ಮೆಟ್ಟಿಲು. ಗಿಡ್ಡ ಇರುವವರಿಗೂ ಬುದ್ಧಿ ಇರುತ್ತದೆ.

ಸೈಕಲ್ ಸ್ಟ್ಯಾಂಡಿನಲ್ಲಿ ಹುಡುಗರು ಜಾಗ ಬಿಡಲಿಲ್ಲ. ಮೂರು ಸೈಕಲ್ ಸರಿಸಿ ನಾನೇ ಮಾಡಿಕೊಂಡೆ. ಫಸ್ಟ್ ಪೀರಿಯಡ್‌ಗೆ ಎಲ್ಲರಿಗಿಂತ ಮೊದಲು ಕೂತಿದ್ದೆ.

ಜುಲೈ 17, ಶನಿವಾರ

ಅಗಸಿ ಬಾಗಿಲ ಕಟ್ಟೆ. ಊರಿಂದ ಹೊರಗೆ ಹೋಗಲು ಅದರ ಮುಂದೆಯೇ ದಾರಿ. ಇವತ್ತು ಹಿರಿಯರು ಬೇಗ ಬಂದು ಕೂತಿದ್ದರು. ಹೂವಪ್ಪಜ್ಜ ಕೋಲು ಅಡ್ಡ ಚಾಚಿದ.

"ಹಿರ್ಯಾರು ಕುಂತದ್ದು ಕಾಣವಲ್ದೇನು? ಇಳಿ."

ಕಟ್ಟೆಯ ಮುಂದೆ ಸೈಕಲ್ ಇಳಿದು, ತಳ್ಳಿಕೊಂಡು ದಾಟಿ, ಆಮೇಲೆ ಹತ್ತಬೇಕು. ಹಳೆಯ ರೂಢಿ. ಪಕ್ಕದಲ್ಲಿದ್ದ ಮದರಸಾಬ ಕಾಕಾ ಹೌದೆಂದು ತಲೆ ಆಡಿಸಿದ. ಊರಿನ ಬೇರೆ ಯಾವ ಮಾತಿಗೂ ಈ ಇಬ್ಬರು ಒಂದಾದದ್ದನ್ನು ನಾನು ಕಂಡಿಲ್ಲ. ಇಳಿದೆ. ನಾನು ತಳ್ಳುತ್ತಿರುವಾಗಲೇ ಹೂವಪ್ಪಜ್ಜನ ಮೊಮ್ಮಗ ಅಮರೇಶ ಹೀರೋ ಹೋಂಡಾ ಮೇಲೆ ಬುರ್ರೆಂದು ಹೋದ. ಅವನು ಇಳಿಯಲಿಲ್ಲ. ಅವನಿಗೆ ಯಾರೂ ಕೋಲು ಚಾಚಲಿಲ್ಲ.

ಇಳಿದದ್ದು ಇಳಿದೆ, ಹತ್ತುವುದೆಲ್ಲಿ? ಅಗಸಿ ದಾಟಿದರೆ ಬರೀ ಎರೆ ಹೊಲ. ಒಂದು ಕಲ್ಲೂ ಇಲ್ಲ. ಪುರ್ತಗೇರಿ ರಸ್ತೆಯ ಮೈಲುಗಲ್ಲಿನವರೆಗೆ ತಳ್ಳಿದೆ. ಮಡ್‌ಗಾರ್ಡ್ ತುಂಬ ಕೆಸರು. ಕಡ್ಡಿ ಹಾಕಿ ಕೆರೆದು, ಮತ್ತೆ ತಳ್ಳಿ… ಫಸ್ಟ್ ಪೀರಿಯಡ್ ಹೋಯಿತು.

ಸಿಟ್ಟು ಇನ್ನೂ ಇಳಿದಿಲ್ಲ.

ಜುಲೈ 26, ಸೋಮವಾರ

ಬರೆಯಲಿಲ್ಲ. ಏನಂತ ಬರೆಯಲಿ? ದಿನಾ ಇಳಿದೆ, ದಿನಾ ತಳ್ಳಿದೆ, ದಿನಾ ಲೇಟು. ಇನ್ನೂ ಹೀಗೇ ತಪ್ಪಿಸುತ್ತ ಹೋದರೆ ಮುಗಿಯಿತು ಎಂದು ಸರ್ ಇವತ್ತು ಕೈಚೆಲ್ಲಿದರು.

ಅಪ್ಪನ ಎದುರು ಅತ್ತುಬಿಟ್ಟೆ. ಅಳಬಾರದು ಅಂದುಕೊಂಡಿದ್ದೆ. ಅವನು ಸೂಜಿ ಕೆಳಗಿಟ್ಟು ತಾನೂ ಅಲ್ಲಿ ಯಾವಾಗಲೂ ಇಳಿದೇ ಹೋಗುತ್ತಿದ್ದೆ ಎಂದ. ಬಿಲ್ಲು, ಹತ್ತಿಯ ಗಂಟು ಕಟ್ಟಿದ್ದರೂ ಸರಿ, ಮಳೆ ಇದ್ದರೂ ಸರಿ. ಇಳಿದರೆ ನಮ್ಮದೇನು ಹೋಗುತ್ತದೆ ಎಂದ.

"ನಿನಗ ಹತ್ತಾಕ ಬರತಿತ್ತಪ್ಪ. ನನಗ ಹತ್ತಾಕ ಒಂದು ಕಟ್ಟಿ ಬೇಕು."

ಹೇಳಿ ಮುಗಿಸಿದ ಕೂಡಲೇ ತಲೆಯಲ್ಲಿ ಏನೋ ಹೊಳೆಯಿತು. ಕಟ್ಟೆ ಅಲ್ಲೇ ಇದೆಯಲ್ಲ! ಅಳು ಅಲ್ಲಿಗೇ ನಿಂತಿತು. ಅಪ್ಪ ನನ್ನ ಮುಖ ನೋಡಿ ಏನಾಯಿತು ಅಂದ. ಏನಿಲ್ಲ ಅಂದೆ.

ಜುಲೈ 28, ಬುಧವಾರ

ನಿನ್ನೆ ಧೈರ್ಯ ಸಾಲಲಿಲ್ಲ. ಇವತ್ತು ಸಾಲಿತು.

ಕಟ್ಟೆ ಬಂತು, ಇಳಿದೆ. ದುಪಟ್ಟಾ ಸರಿ ಮಾಡಿಕೊಂಡು ಇಬ್ಬರಿಗೂ ಕೈ ಮುಗಿದೆ. ಸೈಕಲ್ಲನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದೆ. ಹೂವಪ್ಪಜ್ಜನ ಟವೆಲ್ಲಿಗೂ ಮದರಸಾಬ ಕಾಕಾನ ಎಲೆಯಡಿಕೆ ಚೀಲಕ್ಕೂ ನಡುವೆ ಒಂದು ಗೇಣು ಜಾಗ ಇತ್ತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಅಲ್ಲಿ ಕಾಲಿಟ್ಟು, ಕಟ್ಟೆ ಮೇಲೆ ನಿಂತೆ. ಯಾವ ಹೆಂಗಸೂ ಇದುವರೆಗೆ ಹತ್ತದ ಕಟ್ಟೆ ಅದು. ಮದರಸಾಬ ಕಾಕಾನ ಬಾಯಲ್ಲಿ ಎಲೆ ಹಾಗೇ ನಿಂತಿತ್ತು.

"ಇಳಿ ಅಂದ್ರಿ, ಇಳದೇನ್ರಿ ಅಜ್ಜಾ. ಹತ್ತಾಕ ಇಲ್ಲಿ ಬಿಟ್ರ ಬ್ಯಾರೆ ಜಾಗಾ ಇಲ್ಲರಿ."

ದಂಡಿಯ ಮೇಲೆ ಕಾಲು ದಾಟಿಸಿ ಕೂತೆ, ಚಪ್ಪಲಿಯನ್ನು ಹ್ಯಾಂಡಲ್‌ಗೆ ಸಿಕ್ಕಿಸಿ ಹೊರಟೆ. ಕಾಲೇಜು ಮುಟ್ಟುವವರೆಗೂ ನಗು ತಡೆಯಲಾಗಲಿಲ್ಲ.

ಜುಲೈ 30, ಶುಕ್ರವಾರ

ನಿನ್ನೆಯೂ ಹಾಗೇ ಹತ್ತಿದೆ. ಇವತ್ತು ಕಟ್ಟೆಯ ಅಂಚಿನುದ್ದಕ್ಕೂ ಜಾಲಿ ಮುಳ್ಳು ಹಾಕಿದ್ದರು. ಚಪ್ಪಲಿ ಬಿಡಲಿಲ್ಲ, ಮುಳ್ಳು ಸರಿಸಿ ಹತ್ತಿದೆ. ಹೂವಪ್ಪಜ್ಜ ಎದ್ದು ನಿಂತುಬಿಟ್ಟ.

ಸಂಜೆ ಅಪ್ಪನನ್ನು ಕರೆಸಿದರು. ನಾನು ಬೇವಿನ ಮರದ ಹಿಂದೆ ನಿಂತು ಕೇಳಿದೆ. ಅಪ್ಪ ಎಂದಿನಂತೆ ಕಟ್ಟೆಯ ಕೆಳಗೆ ನಿಂತಿದ್ದ. ಹತ್ತಿ ಹಿಂಜುವ ನಮ್ಮವರು ಯಾರೂ ಅದರ ಮೇಲೆ ಕೂತದ್ದಿಲ್ಲ, ಕೂಡ್ರು ಎಂದು ಯಾರೂ ಅಂದದ್ದೂ ಇಲ್ಲ. ಸೈಕಲ್ ಮಾರಬೇಕು, ಇಲ್ಲವೇ ಮಗಳನ್ನು ಮನೆಯಲ್ಲಿ ಕೂಡ್ರಿಸಬೇಕು ಎಂದ ಮದರಸಾಬ ಕಾಕಾ. ಅಪ್ಪ ತಲೆ ತಗ್ಗಿಸಿ ಮೊಣಕಾಲು ನೀವಿಕೊಂಡ. ನನ್ನ ಓದು ಮುಗಿಯಿತು ಅಂದುಕೊಂಡೆ.

"ನಾ ಇಳದದ್ದು ಸಾಕ್ರಿ," ಅಂದ ಅಪ್ಪ. "ಅಷ್ಟು ಹೇರಿದ ಸೈಕಲ್ ದಿನಾ ಇಲ್ಲಿ ಇಳದು, ಮತ್ತ ಹತ್ತಿ, ಈ ಮೊಣಕಾಲ ಹ್ವಾತು. ಆಕಿ ಇಳ್ಯಾಂಗಿಲ್ಲ."

ಸೋಮವಾರ ಹ್ಯಾಗೆ ಹೋಗುತ್ತಾಳೋ ನೋಡೋಣ ಎಂದ ಹೂವಪ್ಪಜ್ಜ. ಅಪ್ಪ ಕುಂಟುತ್ತ ಬಂದ. ದಾರಿಯುದ್ದಕ್ಕೂ ಅವನ ಕೈ ಹಿಡಿದುಕೊಂಡಿದ್ದೆ.

ಆಗಸ್ಟ್ 2, ಸೋಮವಾರ, ಸಂಜೆ

ಬೆಳಿಗ್ಗೆ ಎದ್ದಾಗ ಅಪ್ಪ ಇರಲಿಲ್ಲ. ಅವ್ವ ಒದ್ದೆ ಬಟ್ಟೆಯಿಂದ ಸೈಕಲ್ ಒರೆಸುತ್ತಿದ್ದಳು. ಅಡ್ಡ ದಂಡಿಯನ್ನೂ ಒರೆಸಿದಳು. ಬಾದಾಮಿ ಹುಡುಗನ ಮಾತು ತೆಗೆಯಲಿಲ್ಲ.

ಅಗಸಿ ಹತ್ತಿರ ಬಂದಾಗ ಕಂಡೆ. ಕಟ್ಟೆಯ ಮೇಲೆ, ಹೂವಪ್ಪಜ್ಜನಿಗೂ ಮದರಸಾಬ ಕಾಕಾನಿಗೂ ನಡುವೆ, ನಾನು ಕಾಲಿಡುತ್ತಿದ್ದ ಜಾಗದಲ್ಲಿ ಅಪ್ಪ ಕೂತಿದ್ದ. ಕೆಟ್ಟ ಕಾಲು ಮುಂದೆ ಚಾಚಿಕೊಂಡು, ಕೈಯಲ್ಲಿ ತನ್ನದೊಂದು ಕೋಲು ಹಿಡಿದುಕೊಂಡು. ಆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಪೆಡಲ್ ಮೇಲಿನ ಕಾಲು ತಾನೇ ಸಡಿಲವಾಯಿತು. ಅವನೂ ಹಿರಿಯನಲ್ಲವೇ? ಆ ಕಟ್ಟೆಯ ಮುಂದೆ ಮನಸಾರೆ ಇಳಿಯಬೇಕು ಅನಿಸಿದ್ದು ಇವತ್ತೊಂದೇ ದಿನ. ಬ್ರೇಕ್ ಕೂಡ ಹಿಡಿದೆ.

"ಇಳೀಬ್ಯಾಡವಾ," ಅಂದ ಅಪ್ಪ. "ಹೊತ್ತಾಗೇತಿ, ಹೋಗು."

ಹೋದೆ. ಗಂಟೆ ಹೊಡೆದುಕೊಂಡೇ ಹೋದೆ. ಕಣ್ಣು ಮಂಜಾಗಿ ರಸ್ತೆ ಸರಿಯಾಗಿ ಕಾಣಲಿಲ್ಲ. ಫಸ್ಟ್ ಪೀರಿಯಡ್‌ನಲ್ಲಿ ಹೆಸರು ಕರೆದಾಗ ಎಷ್ಟು ಜೋರಾಗಿ ಪ್ರೆಸೆಂಟ್ ಅಂದೆನೆಂದರೆ ಇಡೀ ಕ್ಲಾಸು ನಕ್ಕಿತು. ನಗಲಿ.

ಈಗ ಅಪ್ಪ ಅಂಗಳದಲ್ಲಿ ಸೀಟಿನ ಪೈಪಿಗೆ ಸೀಮೆಎಣ್ಣೆ ಬಿಟ್ಟು ತಿರುವುತ್ತಿದ್ದಾನೆ. ತುಕ್ಕು ಬಿಟ್ಟಿತಂತೆ. ತಗ್ಗು ಮಾಡಲೇನು, ನಿನಗೆ ಹತ್ತಲು ಸುಲಭ ಎಂದು ಕೂಗುತ್ತಿದ್ದಾನೆ. ಬೇಡ ಅಂತ ಹೇಳಿ ಬರುತ್ತೇನೆ. ಎತ್ತರವೇ ಇರಲಿ. ನಾಳೆ ಕಟ್ಟೆ ಮುಂದೆ ಹೋಗುವಾಗ ಆ ಇಬ್ಬರೂ ತಲೆ ಎತ್ತಿಯೇ ನನ್ನನ್ನು ನೋಡಬೇಕು.